ನಿಮಗಿದು ಗೊತ್ತೇ? ಬೋರ್ಡಿನ ದರ ಬೇರೆ, ತಟ್ಟೆಯ ದರ ಬೇರೆ

● ಕೇಂದ್ರ ಸರ್ಕಾರದ 2022–23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯ ಕುಟುಂಬವೊಂದು ತಿಂಗಳ ಖರ್ಚಿನಲ್ಲಿ ಮೊಟ್ಟೆ, ಮೀನು, ಮಾಂಸಕ್ಕೆ ಹಾಕುವುದು ಸುಮಾರು ಶೇ 5. ಪಟ್ಟಣದಲ್ಲಿ ಅದು ಶೇ 3.5ರ ಆಸುಪಾಸು. ಅದೇ ಕುಟುಂಬಗಳು ಪಾನೀಯ, ಹೋಟೆಲ್ ತಿಂಡಿ, ಕುರುಕಲು, ಪ್ಯಾಕೆಟ್ ಆಹಾರಕ್ಕೆಂದು ಹಳ್ಳಿಯಲ್ಲಿ ಶೇ 9.6, ಪಟ್ಟಣದಲ್ಲಿ ಶೇ 10.6ರಷ್ಟು ಖರ್ಚು ಮಾಡುತ್ತವೆ. ಇದು ದೇಶದ ಸರಾಸರಿ, ಮಾಂಸ ಮುಟ್ಟದವರೂ ಸೇರಿದ ಲೆಕ್ಕ. ಭಾನುವಾರ ತಪ್ಪದೆ ಬಾಡು ಬೇಯುವ ಮನೆಯಲ್ಲಿ ಪಾಲು ಇದಕ್ಕಿಂತ ದೊಡ್ಡದೇ ಇರುತ್ತದೆ. ಆದರೂ ಮಟನ್ ರೇಟು ಕೇಳಿ ನಿಟ್ಟುಸಿರು ಬಿಡುವವರು ಬೇಕರಿ ಬಿಲ್ಲನ್ನೂ ಒಮ್ಮೆ ಕೂಡಿ ನೋಡುವುದು ಒಳ್ಳೆಯದು.

● ಕೋಳಿ ಅಂಗಡಿಯ ಬೋರ್ಡಿನಲ್ಲಿ ಸಾಮಾನ್ಯವಾಗಿ ಮೂರು ದರ: ಲೈವ್, ವಿತ್ ಸ್ಕಿನ್, ವಿತೌಟ್ ಸ್ಕಿನ್. 2 ಕೆ.ಜಿ. ತೂಗುವ ಬ್ರಾಯ್ಲರ್ ಕೋಳಿಯಲ್ಲಿ ಗರಿ, ತಲೆ, ಕಾಲು, ಕರುಳು, ಚರ್ಮ ಎಲ್ಲ ಹೋಗಿ ಚೀಲಕ್ಕೆ ಬೀಳುವುದು ಸುಮಾರು 1.3 ಕೆ.ಜಿ. ಅಂದರೆ ಲೈವ್ ದರವನ್ನು 0.65ರಿಂದ ಭಾಗಿಸಿದರೆ ನಿಮಗೆ ಬಿದ್ದ ನಿಜವಾದ ದರ ಸಿಗುತ್ತದೆ. ಲೈವ್ 150 ರೂಪಾಯಿ ಎಂದು ಬರೆದಿದ್ದರೆ ಮಾಂಸ ಬಿದ್ದದ್ದು 230ಕ್ಕೆ. ಪಕ್ಕದ ಅಂಗಡಿಯಲ್ಲಿ ವಿತೌಟ್ ಸ್ಕಿನ್ 240 ಇದ್ದರೆ ಉಳಿತಾಯ ಬರೀ ಹತ್ತು ರೂಪಾಯಿ. ಮೊಬೈಲಿನ ಕ್ಯಾಲ್ಕುಲೇಟರ್ ಇರುವುದು ಇಂಥದ್ದಕ್ಕೇ.

● ಲೈವ್ ದರದಲ್ಲಿ ಕೊಂಡ ಕೋಳಿಯ ಲಿವರ್, ಗಿಜರ್ಡ್, ಕತ್ತು ಎಲ್ಲದಕ್ಕೂ ನೀವು ಆಗಲೇ ದುಡ್ಡು ಕೊಟ್ಟಿರುತ್ತೀರಿ. ಕತ್ತರಿಸುವವನು ಕೇಳದೆ ಪಕ್ಕದ ಬಕೆಟ್ಟಿಗೆ ಎಸೆಯುವ ಮೊದಲೇ ‘ಅದೂ ಹಾಕಪ್ಪಾ’ ಎಂದುಬಿಡಿ. ಆ ಬಕೆಟ್ಟಿನಲ್ಲಿದ್ದದ್ದೇ ಸಂಜೆ ಇನ್ನೊಬ್ಬರಿಗೆ ಕೆ.ಜಿ. ಲೆಕ್ಕದಲ್ಲಿ ಮಾರಾಟವಾಗುತ್ತದೆ.

● ಬ್ರಾಯ್ಲರ್ ಮಾಂಸದ ತೂಕದಲ್ಲಿ ಚರ್ಮದ ಪಾಲು ಸುಮಾರು ಹತ್ತರಲ್ಲಿ ಒಂದು. ಹಾಗಾಗಿ ವಿತ್ ಸ್ಕಿನ್ ದರ ಶೇ 10ಕ್ಕಿಂತ ಕಡಿಮೆ ಅಗ್ಗವಿದ್ದರೆ, ಮನೆಗೆ ತಂದು ಚರ್ಮ ಸುಲಿದು ಎಸೆಯುವವರಿಗೆ ಲಾಭವೇನೂ ಇಲ್ಲ. ಚರ್ಮದ ಸಮೇತ ಸುಟ್ಟು, ಅರಿಶಿನ ಹಚ್ಚಿ ಸಾರು ಮಾಡುವವರ ಲೆಕ್ಕ ಬೇರೆ. ಅವರಿಗೆ ಎಣ್ಣೆಯೂ ಉಳಿಯಿತು.

● ಬೋನ್‌ಲೆಸ್ ಯಾವಾಗಲೂ ದುಬಾರಿ ಎಂದೇನಿಲ್ಲ. ಚರ್ಮ ತೆಗೆದ ಒಂದು ಕೆ.ಜಿ. ಕರಿ ಕಟ್‌ನಲ್ಲಿ ತಿನ್ನುವ ಮಾಂಸ ಸುಮಾರು 700 ಗ್ರಾಂ, ಉಳಿದದ್ದು ಮೂಳೆ. ಕರಿ ಕಟ್ ದರವನ್ನು 1.4ರಿಂದ ಗುಣಿಸಿ. ಬೋನ್‌ಲೆಸ್ ಅದರೊಳಗೆ ಸಿಕ್ಕರೆ ಸರಿ, ಮೀರಿದರೆ ಕತ್ತರಿಸಿದ ಕೂಲಿ ನಿಮ್ಮ ತಲೆಗೆ. ಬೋನ್‌ಲೆಸ್ ತೆಗೆದ ಮೇಲೆ ಉಳಿಯುವ ಎದೆಗೂಡು ಕೆಲವು ಅಂಗಡಿಗಳಲ್ಲಿ ಸೂಪ್ ಪೀಸ್ ಹೆಸರಿನಲ್ಲಿ ಬಹಳ ಕಡಿಮೆಗೆ ಸಿಗುತ್ತದೆ. ಕಾಳುಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಕುದಿಸಿದರೆ ಮಳೆಗಾಲದ ನೆಗಡಿಗೆ ಇದಕ್ಕಿಂತ ಅಗ್ಗದ ಸೂಪಿಲ್ಲ.

● ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಮಾಂಸ ಕೊಳ್ಳುವಾಗ ಕೆ.ಜಿ.ಗೆಷ್ಟು ಎಂದು ಕೇಳುತ್ತೇವೆಯೇ ಹೊರತು ಅದರ ಪ್ರೋಟೀನ್ ಗ್ರಾಮಿಗೆಷ್ಟು ಬಿತ್ತು ಎಂದು ಯಾರೂ ಕೇಳುವುದಿಲ್ಲ. ಒಂದು ಉದಾಹರಣೆ ದರ ಹಿಡಿಯೋಣ, ನಿಮ್ಮೂರಿನ ದರ ಹಾಕಿಕೊಂಡು ನೀವೇ ತಿದ್ದಿಕೊಳ್ಳಿ. ಮಟನ್ ಕೆ.ಜಿ.ಗೆ 800 ರೂಪಾಯಿ: ಮೂಳೆ ಕಳೆದು ಸುಮಾರು 140 ಗ್ರಾಂ ಪ್ರೋಟೀನ್, ಗ್ರಾಮಿಗೆ 5 ರೂಪಾಯಿ 70 ಪೈಸೆ. ಕೋಳಿ 250: ಸುಮಾರು 145 ಗ್ರಾಂ, ಗ್ರಾಮಿಗೆ 1 ರೂಪಾಯಿ 70 ಪೈಸೆ. ಬೂತಾಯಿ ಮೀನು 160: ತಲೆ, ಮುಳ್ಳು ಕಳೆದು 120 ಗ್ರಾಂ, ಗ್ರಾಮಿಗೆ 1 ರೂಪಾಯಿ 30 ಪೈಸೆ. ಮೊಟ್ಟೆ 7 ರೂಪಾಯಿಗೆ ಒಂದು: ಅದರಲ್ಲಿ 6 ಗ್ರಾಂ, ಗ್ರಾಮಿಗೆ 1 ರೂಪಾಯಿ 17 ಪೈಸೆ. ಕಡಲೆಕಾಯಿ ಬೀಜ 150: ಕೆ.ಜಿ.ಯಲ್ಲಿ 250 ಗ್ರಾಂ, ಗ್ರಾಮಿಗೆ 60 ಪೈಸೆ. ಸೋಯಾ ಚಂಕ್ಸ್ 140: ಕೆ.ಜಿ.ಯಲ್ಲಿ 520 ಗ್ರಾಂ, ಗ್ರಾಮಿಗೆ 27 ಪೈಸೆ! ಪಟ್ಟಿಯ ತಲೆ ಮತ್ತು ಬುಡದ ನಡುವೆ ಇಪ್ಪತ್ತು ಪಟ್ಟು ಅಂತರ. ಹಾಗೆಂದು ನಾಳೆಯಿಂದ ಮನೆಮಂದಿಗೆಲ್ಲ ಸೋಯಾ ಹಾಕಿದರೆ ಭಾನುವಾರ ಊಟಕ್ಕೆ ಯಾರೂ ಕೂರುವುದಿಲ್ಲ, ಬಿಡಿ. ಮಾಂಸದಲ್ಲಿರುವ ಬಿ12 ಜೀವಸತ್ವ, ಸುಲಭವಾಗಿ ಮೈಗೆ ಹತ್ತುವ ಕಬ್ಬಿಣದಂಶ ಕಾಳುಗಳಲ್ಲಿ ಸಿಗುವುದೂ ಇಲ್ಲ. ಆದರೆ ವಾರದಲ್ಲಿ ಎರಡು ಮಟನ್ ಊಟ ಇದ್ದಲ್ಲಿ ಒಂದನ್ನು ಮೊಟ್ಟೆಗೋ ಬೂತಾಯಿಗೋ ಬದಲಿಸಿದರೆ ತಿಂಗಳ ಕೊನೆಗೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

● ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಬೇಕಾದ ಪ್ರೋಟೀನ್, ಐಸಿಎಂಆರ್ ಶಿಫಾರಸಿನಂತೆ, ದೇಹದ ಒಂದು ಕೆ.ಜಿ. ತೂಕಕ್ಕೆ 0.83 ಗ್ರಾಂ. 60 ಕೆ.ಜಿ. ತೂಗುವವರಿಗೆ 50 ಗ್ರಾಂ. ಅನ್ನ, ಮುದ್ದೆ, ಬೇಳೆ, ಹಾಲಿನಲ್ಲೇ ಅದರ ದೊಡ್ಡ ಪಾಲು ಬಂದಿರುತ್ತದೆ. ತಲೆಗೆ ಕಾಲು ಕೆ.ಜಿ. ಮಟನ್ ಲೆಕ್ಕ ಹಾಕುವುದು ನಾಲಿಗೆಗಾಗಿ, ಮೈಗಾಗಿ ಅಲ್ಲ.

● ಕೋಳಿ ಇಷ್ಟು ಅಗ್ಗವೇಕೆ? ಬ್ರಾಯ್ಲರ್ ಕೋಳಿ ಐದಾರು ವಾರಗಳಲ್ಲಿ 2 ಕೆ.ಜಿ. ದಾಟುತ್ತದೆ. ಒಂದು ಕೆ.ಜಿ. ಮೈ ತುಂಬಿಕೊಳ್ಳಲು ಅದಕ್ಕೆ ಬೇಕಾದದ್ದು ಹೆಚ್ಚುಕಡಿಮೆ 1.7 ಕೆ.ಜಿ. ಮೇವು. ಸಾಕಣೆ ಖರ್ಚಿನ ಮೂರನೇ ಎರಡು ಪಾಲು ಈ ಮೇವಿನದೇ, ಮೇವಿನಲ್ಲಿ ಮುಖ್ಯವಾಗಿ ಇರುವುದು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳದ ಧಾರಣೆ ಏರಿದರೆ ನಿಮ್ಮ ಬೀದಿಯ ಕೋಳಿ ಅಂಗಡಿಗೂ ಅದರ ಬಿಸಿ ತಟ್ಟುತ್ತದೆ. ಬೇಸಿಗೆಯ ಝಳಕ್ಕೆ ಕೋಳಿ ಮೇವು ಕಡಿಮೆ ತಿನ್ನುತ್ತದೆ, ಮೈ ತುಂಬಿಕೊಳ್ಳುವುದಿಲ್ಲ, ಸಾಯುವುದೂ ಹೆಚ್ಚು. ಏಪ್ರಿಲ್–ಮೇ ದರ ಏರುವುದಕ್ಕೆ ಮದುವೆ ಸೀಸನ್ ಅಷ್ಟೇ ಕಾರಣವಲ್ಲ.

● ಬ್ರಾಯ್ಲರ್, ನಾಟಿ ಎರಡೂ ಅಲ್ಲದ ಮೂರನೆಯದೊಂದಿದೆ: ಮೊಟ್ಟೆ ಇಡುವುದು ಕಡಿಮೆಯಾದ ಲೇಯರ್ ಕೋಳಿ. ಹಳೇ ಮೈಸೂರು ಕಡೆ ಇದನ್ನು ಫಾರಂ ಕೋಳಿ ಎನ್ನುವವರೂ ಇದ್ದಾರೆ. ವಯಸ್ಸು ಒಂದೂವರೆ ವರ್ಷದ ಸುಮಾರು, ಮಾಂಸ ಗಟ್ಟಿ, ಕುಕ್ಕರಿನಲ್ಲಿ ವಿಷಲ್ ಹೆಚ್ಚು ಬೇಕು. ಆದರೆ ಸಾರಿಗೆ ಬ್ರಾಯ್ಲರ್ ಕೊಡದ ರುಚಿ ಇದು ಕೊಡುತ್ತದೆ. ನಾಟಿ ಕೋಳಿ ಸಾರಿನ ಆಸೆ ಇದ್ದು ಜೇಬು ಬಿಗಿಯಿದ್ದವರಿಗೆ ಹೇಳಿ ಮಾಡಿಸಿದ್ದು.

● ಬಣ್ಣದ ಗರಿ ಇದ್ದ ಮಾತ್ರಕ್ಕೆ ಅದು ನಾಟಿ ಕೋಳಿಯಲ್ಲ. ಹಿತ್ತಲಲ್ಲಿ ಸಾಕಲೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ಗಿರಿರಾಜ ತಳಿಗೂ ಬಣ್ಣಬಣ್ಣದ ಗರಿ ಇದೆ. ಅದು ನಾಟಿಗಿಂತ ಬೇಗ, ದೊಡ್ಡದಾಗಿ ಬೆಳೆಯುತ್ತದೆ. ಗಿರಿರಾಜ ಒಳ್ಳೆಯ ಕೋಳಿಯೇ, ತಕರಾರಿರುವುದು ಅದಕ್ಕೆ ನಾಟಿ ದರ ತೆರುವುದರಲ್ಲಿ. ನಿಜವಾದ ನಾಟಿ ಹುಂಜ ಒಂದೂವರೆ, ಎರಡು ಕೆ.ಜಿ. ಆಗಲು ತಿಂಗಳುಗಟ್ಟಲೆ ಬೇಕು. ಮೂರು ಕೆ.ಜಿ.ಯ ಎಳೆಯ ‘ನಾಟಿ’ ತೋರಿಸಿದರೆ ಅನುಮಾನಪಡಿ.

● ಕುರಿ ಲೆಕ್ಕ ಕೋಳಿಗಿಂತ ಬಿಗಿ. ಜೀವಂತ ತೂಕದ ಅರ್ಧ, ಕೆಲವೊಮ್ಮೆ ಅದಕ್ಕೂ ಕಡಿಮೆ ಮಾತ್ರ ಮಾಂಸವಾಗುತ್ತದೆ. 25 ಕೆ.ಜಿ. ಕುರಿಯಲ್ಲಿ ಸಿಗುವುದು 12 ಕೆ.ಜಿ. ಆಸುಪಾಸು, ಅದರಲ್ಲೂ ಮೂಳೆ ಕಾಲು ಭಾಗದಷ್ಟು. ತಲೆ, ಕಾಲು, ಬೋಟಿ ಈ ಲೆಕ್ಕದ ಹೊರಗೆ. ಗುಡ್ಡೆ ಬಾಡಿನ ಗುಟ್ಟು ಇರುವುದು ಈ ಹೊರಗಿನ ಲೆಕ್ಕದಲ್ಲೇ.

● ಮಂಡ್ಯ, ಮೈಸೂರು, ರಾಮನಗರ ಕಡೆಯ ಹಳ್ಳಿಗಳಲ್ಲಿ ಗುಡ್ಡೆ ಬಾಡು ನೋಡಿರದವರಿಗೆ ಒಂದಿಷ್ಟು ವಿವರ. ಹತ್ತಿಪ್ಪತ್ತು ಮನೆಯವರು ದುಡ್ಡು ಹಾಕಿ ಸಂತೆಯಿಂದ ಕುರಿ ತರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಕುಯ್ದು, ಟಾರ್ಪಾಲಿನ ಮೇಲೋ ಬಾಳೆ ಎಲೆಯ ಮೇಲೋ ಪಾಲು ಎಷ್ಟಿವೆಯೋ ಅಷ್ಟು ಗುಡ್ಡೆ ಹಾಕುತ್ತಾರೆ. ತೊಡೆ ಒಂದು ಸುತ್ತು, ಪಕ್ಕೆ ಒಂದು ಸುತ್ತು, ಕೊಬ್ಬು ಒಂದು ಸುತ್ತು. ಲಿವರ್ ಒಂದೇ ಇರುವುದರಿಂದ ಅದನ್ನು ಪಾಲಿನಷ್ಟೇ ಚೂರು ಮಾಡಿ ಪ್ರತಿ ಗುಡ್ಡೆಯ ನೆತ್ತಿಗೆ ಒಂದೊಂದು ಇಡುತ್ತಾರೆ. ತಕ್ಕಡಿ ಹಿಡಿಯದೆ ಕಣ್ಣಳತೆಯಲ್ಲೇ ಹಂಚುವ ಹಿರಿಯರಿದ್ದಾರೆ. ಸುತ್ತ ನಿಂತವರು ‘ಆ ಕಡೆಯ ಗುಡ್ಡೆಗೆ ಇನ್ನೊಂದು ತುಂಡು ಹಾಕಣ್ಣ’ ಎಂದು ಹೇಳುತ್ತಲೇ ಇರುತ್ತಾರೆ. ಇದರಲ್ಲಿ ಅಂಗಡಿ ಬಾಡಿಗೆಯಿಲ್ಲ, ನಡುವಿನವನ ಲಾಭವಿಲ್ಲ. ತಲೆ, ಕಾಲು, ಬೋಟಿಯನ್ನು ಹರಾಜು ಹಾಕಿದರೆ ಅದರ ದುಡ್ಡೂ ಎಲ್ಲರ ಲೆಕ್ಕಕ್ಕೆ. ಉಳಿತಾಯ ಎಷ್ಟು ಎಂಬುದು ಸಂತೆಯಲ್ಲಿ ಕುರಿಯ ಬೆನ್ನುಮೂಳೆ ಹಿಡಿದು ನೋಡಿ ದರ ಕುದುರಿಸಿದವನ ಕೈಗುಣದ ಮೇಲಿದೆ. ನಗರದ ಅಪಾರ್ಟ್‌ಮೆಂಟಿನಲ್ಲಿ ಕುರಿ ಕುಯ್ಯಲಾಗದು. ಆದರೆ ನಾಲ್ಕು ಮನೆಯವರು ಸೇರಿ ಪರಿಚಯದ ಅಂಗಡಿಯಲ್ಲಿ ಒಂದು ಇಡೀ ತೊಡೆಯನ್ನೋ ಅರ್ಧ ಕುರಿಯನ್ನೋ ಮುಂಚಿತವಾಗಿ ಹೇಳಿ ಕೊಂಡರೆ ಚೌಕಾಸಿಗೆ ಬಲ ಬರುತ್ತದೆ.

● ವರ್ಷದಲ್ಲಿ ಮಟನ್ ಕೊಳ್ಳಲು ಅತಿ ಕೆಟ್ಟ ದಿನ ಯಾವುದು? ಯುಗಾದಿಯ ಮರುದಿನದ ಹೊಸತೊಡಕು. ಅವತ್ತು ನಸುಕಿನಲ್ಲೇ ಸಾಲು, ದರ ಅಂಗಡಿಯವನು ಹೇಳಿದ್ದು, ತುಂಡು ಅವನು ಹಾಕಿದ್ದು. ಈ ಒಂದು ದಿನಕ್ಕೆಂದೇ ವರ್ಷವಿಡೀ ತಿಂಗಳಿಗಿಷ್ಟು ಕಟ್ಟುವ ಮಟನ್ ಚೀಟಿಗಳಿವೆ. ಖರ್ಚು ಒಂದೇ ಸಲ ಬೀಳದಂತೆ ಹರಡಲು ಒಳ್ಳೆಯ ಉಪಾಯ, ನಡೆಸುವವರು ಊರಲ್ಲೇ ಇರುವ ಪರಿಚಿತರಾಗಿದ್ದರೆ ಮಾತ್ರ. ಚೀಟಿ ದುಡ್ಡಿನೊಂದಿಗೆ ಕಾಣೆಯಾದವರ ಸುದ್ದಿ ಯುಗಾದಿ ಹೊತ್ತಿಗೆ ಪತ್ರಿಕೆಯಲ್ಲಿ ಬಂದದ್ದುಂಟು.

● ಮಹಾಲಯ ಅಮಾವಾಸ್ಯೆ, ಬಕ್ರೀದ್, ಡಿಸೆಂಬರ್ 31, ಆಷಾಢದ ಕೊನೆಯ ಭಾನುವಾರ: ಇವೂ ಮಟನ್ ಕೊಳ್ಳಲು ಕೆಟ್ಟ ದಿನಗಳೇ.

● ಕೋಳಿ ದರ ಇಳಿಯುವುದು ಶ್ರಾವಣದಲ್ಲಿ. ತಿನ್ನುವವರೇ ಕಡಿಮೆಯಾದರೂ ಶೆಡ್ಡಿನ ಕೋಳಿ ಬೆಳೆಯುವುದನ್ನು ನಿಲ್ಲಿಸುವುದಿಲ್ಲ, ದಿನ ದೂಡಿದಷ್ಟೂ ಮೇವಿನ ಖರ್ಚು. ಹಾಗಾಗಿ ಸಾಕಿದವರು ಬಂದ ದರಕ್ಕೆ ಕೊಡುತ್ತಾರೆ. ಲಾಭ ಶ್ರಾವಣ ಮಾಡದವರ ಪಾಲಿಗೆ. ಗಣೇಶನ ಹಬ್ಬ ಮುಗಿದ ಮೇಲೆ ನೋಡೋಣ ಎನ್ನುವವರಿಗೆ ಈ ಅಗ್ಗದ ದರ ಬೋರ್ಡಿನಲ್ಲಿ ಓದಲಷ್ಟೇ.

● ಮೀನಿನ ಪಂಚಾಂಗ ಬೇರೆಯೇ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ಆಗ ಮಾರುಕಟ್ಟೆಗೆ ಬರುವುದು ನಾಡದೋಣಿಯ ಮೀನು, ಐಸಿನ ಮೀನು, ಜೂನ್ ಮಧ್ಯದ ನಂತರ ಪೂರ್ವ ಕರಾವಳಿಯ ಮೀನು. ಅಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ನಮ್ಮ ಕಡಲು ಮುಚ್ಚಿದ ಎರಡು ವಾರಕ್ಕೆ ಅವರ ಕಡಲು ತೆರೆಯುತ್ತದೆ. ಆದರೂ ಜೂನ್–ಜುಲೈನಲ್ಲಿ ಬಂಗುಡೆ ಕೊಳ್ಳಲು ಹೋಗಿ ದರ ಕೇಳಿ ಬೆಚ್ಚುವುದಕ್ಕಿಂತ ಕೆರೆ, ಜಲಾಶಯದ ಕಾಟ್ಲಾ, ರೋಹು, ಜಿಲೇಬಿ ಮೀನಿನ ಕಡೆ ತಿರುಗುವುದು ಜಾಣತನ.

● ಅಂಜಲ್, ಮಾಂಜಿ ತಿನ್ನುವವರು ದೊಡ್ಡವರು, ಬೂತಾಯಿ ತಿನ್ನುವವರು ಬಡವರು ಎಂಬುದು ಹಳೇ ಭ್ರಮೆ. ಹೃದಯಕ್ಕೆ ಒಳ್ಳೆಯದೆಂದು ಡಾಕ್ಟರು ಹೇಳುವ ಒಮೆಗಾ–3 ಕೊಬ್ಬು ಬೂತಾಯಿ, ಬಂಗುಡೆಗಳಲ್ಲೇ ಧಾರಾಳ. ಇನ್ನು ಸಿಗಡಿ ಪ್ರಿಯರಿಗೆ ಒಂದು ಮಾತು: ತಲೆ, ಸಿಪ್ಪೆ ತೆಗೆದರೆ ತೂಕದ ಅರ್ಧವೇ ಹೋಗುತ್ತದೆ. 400 ರೂಪಾಯಿ ಸಿಗಡಿ ಎಂದರೆ ಬಾಣಲೆಗೆ ಬೀಳುವುದು 800 ರೂಪಾಯಿಯದು.

● ಅಂಜಲಿನ ತುಂಡು ಕೊಳ್ಳಲಾಗದಿದ್ದರೆ ಅದರ ತಲೆ ಕೇಳಿ. ಅಗ್ಗಕ್ಕೆ ಸಿಗುತ್ತದೆ, ಗಸಿಗೆ ತುಂಡಿಗಿಂತ ತಲೆಯೇ ರುಚಿ.

● ಫ್ರಿಜ್ ಬರುವ ಮೊದಲೂ ಜನ ಮಾಂಸ ಕೂಡಿಡುತ್ತಿದ್ದರು. ಉಪ್ಪು, ಅರಿಶಿನ ಹಚ್ಚಿ ಬಿಸಿಲಿಗೆ ಒಣಗಿಸಿದ ಉಪ್ಪುಕಂಡ, ಕೊರಬಾಡು, ಮಳೆಗಾಲದ ಒಣಮೀನು ಎಲ್ಲವೂ ಅಗ್ಗದ ಕಾಲದ ಸರಕನ್ನು ದುಬಾರಿ ಕಾಲಕ್ಕೆ ದಾಟಿಸುವ ಉಪಾಯಗಳೇ. ಒಂದು ಹಿಡಿ ಒಣ ಸಿಗಡಿ, ನಾಲ್ಕು ಬದನೆಕಾಯಿ, ಹುಣಸೆರಸ ಇದ್ದರೆ ಐದು ಜನರ ಮುದ್ದೆಗೆ ಗೊಜ್ಜಾಯಿತು. ಬಿ.ಪಿ. ಇರುವವರು ನೆನೆಸಿ ತೊಳೆದು ಉಪ್ಪು ಇಳಿಸಿಕೊಳ್ಳಬೇಕು, ಅಷ್ಟೇ.

● ಕುರಿಯ ತಲೆ, ಕಾಲು, ಬೋಟಿ ಮಾಂಸಕ್ಕಿಂತ ಎಷ್ಟೋ ಅಗ್ಗ. ಬೋಟಿ ಶುಚಿ ಮಾಡುವ ಕೆಲಸಕ್ಕೆ ಹೆದರಿ ಬಿಟ್ಟವರೇ ಹೆಚ್ಚು. ಬಿಸಿನೀರಿನಲ್ಲಿ ಅದ್ದಿ ಕೆರೆದು, ಒಳಮಗ್ಗುಲು ತಿರುಗಿಸಿ ಉಪ್ಪು ಹಾಕಿ ತಿಕ್ಕಿದರೆ ವಾಸನೆ ಹೋಗುತ್ತದೆ. ಲಿವರಿನಲ್ಲಿ ಕಬ್ಬಿಣದಂಶ ಮಾಂಸಕ್ಕಿಂತ ಬಹಳ ಹೆಚ್ಚು. ಎ ಜೀವಸತ್ವವೂ ಅತಿ ಹೆಚ್ಚಿರುವುದರಿಂದ ಗರ್ಭಿಣಿಯರು ಡಾಕ್ಟರನ್ನು ಕೇಳದೆ ತಿನ್ನಬಾರದು.

● ತೊಡೆ, ಚಾಪ್ಸ್ ಎಂದು ಹಟ ಹಿಡಿಯುವವರು ಸಾರು ಮಾಡುವುದಾದರೆ ದುಡ್ಡು ದಂಡ. ಹೆಚ್ಚು ಓಡಾಡಿದ ಮುಂಗಾಲು, ಕತ್ತಿನ ಮಾಂಸದಲ್ಲಿ ಕೊಲಾಜೆನ್ ಎಂಬ ನಾರು ಹೆಚ್ಚು. ಬೇಗ ಬೇಯಿಸಿದರೆ ರಬ್ಬರು, ನಿಧಾನವಾಗಿ ಬೆಂದರೆ ಅದೇ ಜೆಲಟಿನ್ ಆಗಿ ಕರಗಿ ಸಾರಿಗೆ ಮಂದ ಕೊಡುತ್ತದೆ. ಬಲಿತ ಮಾಂಸ ಬೇಯದಿದ್ದರೆ ಒಂದು ಚೂರು ಹಸಿ ಪರಂಗಿಕಾಯಿ ಅರೆದು ಹಚ್ಚಿ ಅರ್ಧ ಗಂಟೆ ಬಿಡಿ. ಅದರಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ಎಳೆ ಸಡಿಲಿಸುತ್ತದೆ. ಹೆಚ್ಚಾದರೆ ಮಾಂಸ ಹಿಟ್ಟು ಹಿಟ್ಟಾಗುತ್ತದೆ, ಜೋಕೆ.

● ಮಾಂಸ ಹಿಗ್ಗಿಸುವ ಕಲೆಯಲ್ಲಿ ನಮ್ಮ ಅಜ್ಜಿಯರನ್ನು ಮೀರಿಸಿದವರಿಲ್ಲ. ಅವರೆ ಕಾಲದಲ್ಲಿ ಹಿತಕಬೇಳೆ ಹಾಕಿದ ಮಟನ್ ಸಾರು, ಖೈಮಾ ಉಂಡೆಗೆ ಹುರಿಗಡಲೆ ಪುಡಿ, ಮುಸ್ಲಿಂ ಮನೆಗಳ ದಾಲ್ಚಾದಲ್ಲಿ ಮೂಳೆ ಮಾಂಸದ ಜೊತೆ ಕಡಲೆಬೇಳೆ ಮತ್ತು ಸೋರೆಕಾಯಿ, ಕರಾವಳಿಯಲ್ಲಿ ಕೋಳಿ ಸಾರಿಗೆ ಗರಿಗರಿ ರೊಟ್ಟಿ ಮುರಿದು ನೆನೆಸುವ ಕೋರಿ ರೊಟ್ಟಿ. ಅರ್ಧ ಕೆ.ಜಿ. ಮಾಂಸದಲ್ಲಿ ಆರು ಜನ ಉಂಡೇಳುವ ಅಡುಗೆಗಳಿವು. ತಿಂದವರಿಗೆ ಕಡಿಮೆಯಾಯಿತು ಅನ್ನಿಸುವುದೂ ಇಲ್ಲ.

● ಹಸಿ ಕೋಳಿ, ಮೀನು, ಖೈಮಾ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ಮಟನ್ ತುಂಡು ಮೂರು ದಿನ ತಡೆಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಮೂರು ಕೆ.ಜಿ. ತಂದರೆ ಅವತ್ತೇ ಒಂದೊಂದು ಹೊತ್ತಿನ ಅಡುಗೆಗೆ ಬೇಕಾದಷ್ಟು ಬೇರೆ ಬೇರೆ ಕಟ್ಟಿ, ಚಪ್ಪಟೆ ಮಾಡಿ, ತಾರೀಕು ಬರೆದು ಫ್ರೀಜರಿಗೆ ಹಾಕಿ. ಒಂದೇ ಉಂಡೆಯಾಗಿ ಹೆಪ್ಪುಗಟ್ಟಿದ್ದನ್ನು ಕರಗಿಸಿ, ಉಳಿದದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದು ರುಚಿಗೂ ಕೇಡು, ಹೊಟ್ಟೆಗೂ ಕೇಡು. ಕರಗಿಸುವುದೂ ಫ್ರಿಜ್ಜಿನೊಳಗೇ ಆಗಲಿ, ಅಡುಗೆ ಕಟ್ಟೆಯ ಮೇಲೆ ಬೇಡ. ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಇರಬೇಕು. ಹಳೆಯ ಸಿಂಗಲ್ ಡೋರ್ ಫ್ರಿಜ್ಜಿನ ಐಸ್ ಡಬ್ಬಿ ಅಷ್ಟು ತಣ್ಣಗಾಗದಿರಬಹುದು. ಅಂಥದ್ದರಲ್ಲಿ ತಿಂಗಳುಗಟ್ಟಲೆ ಇಡುವ ಯೋಚನೆ ಬಿಡಿ.

● ತೂಕದ ಯಂತ್ರದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು, ಎಲೆಕ್ಟ್ರಾನಿಕ್ ಯಂತ್ರವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕು. ತಟ್ಟೆ ಇಟ್ಟ ಮೇಲೆ ಸೊನ್ನೆ ತೋರಿಸುತ್ತಿದೆಯೇ ನೋಡಿ, ಆಮೇಲೆ ಮಾಂಸ ಇಡಲು ಹೇಳಿ. 800 ರೂಪಾಯಿ ದರದ 1 ಕೆ.ಜಿ. ಮಟನ್ನಿನಲ್ಲಿ 50 ಗ್ರಾಂ ಖೋತಾ ಅಂದರೆ 40 ರೂಪಾಯಿ ಹೋಯಿತು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

● ಆ್ಯಪ್‌ನಲ್ಲಿ ತರಿಸುವವರು ಗಮನಿಸಿ: ದೊಡ್ಡಕ್ಷರದ ದರ ಅನೇಕ ಸಲ 450 ಗ್ರಾಮಿನದು, ಕೆ.ಜಿ.ಯದಲ್ಲ.

● ಮೊಟ್ಟೆ ದರ ಅಂಗಡಿಯವನು ಕನಸಿನಲ್ಲಿ ಕಂಡು ಹೇಳುವುದಲ್ಲ. 1982ರಲ್ಲಿ ಶುರುವಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನವೂ 100 ಮೊಟ್ಟೆಗೆ ಇಷ್ಟು ಎಂದು ಸಗಟು ದರ ಪ್ರಕಟಿಸುತ್ತದೆ, ನಮ್ಮಲ್ಲಿ ಬೆಂಗಳೂರು, ಮೈಸೂರು, ಹೊಸಪೇಟೆಯ ದರಗಳು ಬೇರೆ ಬೇರೆ. ಅದನ್ನು ನೋಡಿಕೊಂಡು 30ರ ಟ್ರೇ ಕೊಂಡರೆ ಬಿಡಿ ಮೊಟ್ಟೆಗಿಂತ ಅಗ್ಗ. ಕಂದು ಮೊಟ್ಟೆಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ, ಚಿಪ್ಪಿನ ಬಣ್ಣ ಕೋಳಿಯ ತಳಿಯದು, ಒಳಗಿನ ಸತ್ವ ಒಂದೇ. ಮಕ್ಕಳು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿದ್ದರೆ ವಾರಕ್ಕೆ ಆರು ದಿನ ಬಿಸಿಯೂಟದ ಜೊತೆ ಮೊಟ್ಟೆ ಸಿಗುತ್ತದೆ. 2024ರಿಂದ ಆರು ದಿನ ಕೊಡಲು ಸಾಧ್ಯವಾದದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ. ಆ ಮಗುವಿನ ಪಾಲಿನ ಮೊಟ್ಟೆ ಟ್ರೇಯಲ್ಲಿ ಉಳಿಯಿತಲ್ಲ!

● ಮಲೆನಾಡಿನ ಮಳೆಗೆ ಕರೆಂಟು ಹೋಯಿತೇ? ಬಾಗಿಲು ತೆಗೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಹೆಪ್ಪು ಕಾಯ್ದುಕೊಳ್ಳುತ್ತದೆ. ಕೆಳಗಿನ ಫ್ರಿಜ್ಜಿಗೆ ನಾಲ್ಕೇ ಗಂಟೆ. ಕರಗಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡುವವರಿಂದಲೇ ಅದು ಬೇಗ ಕರಗುವುದು.